ಚಿನ್ನಪ್ಪನ ಹೊಲ

ಮಿರಜಿನ ಒಂದು ಮರಾಠಿ ಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇತಿಹಾಸ ಕಲಿಸುತ್ತಿದ್ದೇನೆ. ಮಕ್ಕಳು ತಪ್ಪು ಹೇಳಿದರೆ ನನಗೆ ತಡೆಯುವುದಿಲ್ಲ. ಉಚ್ಚಾರ ತಪ್ಪಿದರಂತೂ ವಾಕ್ಯ ಮುಗಿಯುವವರೆಗೂ ಕಾಯದೆ ತಿದ್ದಿಬಿಡುತ್ತೇನೆ. ಇದು ನನ್ನ ದೊಡ್ಡ ಗುಣವೆಂದೇ ತಿಳಿದಿದ್ದೆ. ಕೃಷ್ಣೆಯ ದಂಡೆಯಲ್ಲಿರುವ ಗಡಿ ಊರು ಮ್ಹೈಸಾಳದ ನನ್ನ ತವರುಮನೆಯಲ್ಲಿ ಒಬ್ಬ ಸೋದರತ್ತೆ ಇದ್ದಾರೆ, ಅಪ್ಪನ ತಂಗಿ. ಅವರು ಒಂದೇ ಒಂದು ಪದವನ್ನು ಒಂದು ವರ್ಷ ಪೂರ್ತಿ ತಪ್ಪಾಗಿ ಹೇಳಿದರು; ನಾನು ತಿದ್ದಿ ತಿದ್ದಿ ಸೋತು, ಕೊನೆಗೆ ತಿದ್ದುವುದನ್ನೇ ಬಿಟ್ಟೆ. ಆ ವರ್ಷದ ಕಥೆ ಇದು.

ಶಾಲೆಯ ಪ್ರದರ್ಶನಕ್ಕೆ ಪ್ರತಿಯೊಬ್ಬ ಶಿಕ್ಷಕರೂ ಒಂದು ಹಳೆಯ ನಗರದ ಮಾದರಿ ಮಾಡಬೇಕೆಂದು ಹುಕುಂ ಆಯಿತು. ಉಳಿದವರು ಸುಲಭವಾದದ್ದನ್ನು ಹಂಚಿಕೊಂಡರು. ನಾನು ಹಟ ಹಿಡಿದು ತೆನೋಚ್‌ಟಿಟ್ಲಾನ್ ಆರಿಸಿಕೊಂಡೆ. ಇಂದಿನ ಮೆಕ್ಸಿಕೊದಲ್ಲಿ ಅಜ್ಟೆಕ್ ಎಂಬ ಜನ ಸರೋವರದ ನಡುವಿನ ದ್ವೀಪದ ಮೇಲೆ ಕಟ್ಟಿದ ರಾಜಧಾನಿ ಅದು. ಕಾಲೇಜಿನಲ್ಲಿದ್ದಾಗ ಗ್ರಂಥಾಲಯದಲ್ಲಿ ಅದರ ಒಂದು ಚಿತ್ರ ನೋಡಿದ್ದೆ: ನೀಲಿ ನೀರು, ನೀರಿನ ಮೇಲೆ ಬಿಳಿಯ ಊರು, ಊರಿನಿಂದ ದಡದವರೆಗೆ ನೆಟ್ಟಗೆ ಚಾಚಿದ ರಸ್ತೆಗಳು. ಅಂದಿನಿಂದ ನನಗೆ ಆ ಊರಿನ ಹುಚ್ಚು. ಹಂಪಿ ನೋಡಿದ್ದೇನೆ, ಅಜಂತಾ ನೋಡಿದ್ದೇನೆ, ಆದರೆ ನೋಡಲಾಗದ ಈ ಊರಿನ ಮೇಲಿರುವಷ್ಟು ಪ್ರೀತಿ ಬೇರೆ ಯಾವುದರ ಮೇಲೂ ಹುಟ್ಟಲಿಲ್ಲ.

ಮಿರಜಿನ ನನ್ನ ಎರಡು ಕೋಣೆಯ ಮನೆಯಲ್ಲಿ ಸರೋವರಕ್ಕೆ ಜಾಗವಿರಲಿಲ್ಲ. ಸಂಕ್ರಾಂತಿಯ ರಜೆಯಲ್ಲಿ ಸಾಮಾನನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿ ಮ್ಹೈಸಾಳಕ್ಕೆ ಹೋದೆ. ಮದುವೆಗೆ ಹಿಟ್ಟು ಕಲಸುವ ದೊಡ್ಡ ಪರಾತವನ್ನು ಅಂಗಳದಲ್ಲಿಟ್ಟು ನೀರು ತುಂಬಿಸಿದೆ. ನಡುವೆ ಥರ್ಮಾಕೋಲಿನ ದ್ವೀಪ, ಅದರ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಗುಡಿ, ಮೂರು ದಿಕ್ಕಿಗೆ ರಟ್ಟಿನ ರಸ್ತೆ. ಅಷ್ಟರಲ್ಲಿ ಅತ್ತೆ ಹೊಲದಿಂದ ಬಂದರು. ಮೊಣಕಾಲಿನವರೆಗೆ ರಾಡಿ. ಪರಾತದ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಬಗ್ಗಿ ನೋಡಿದರು.

"ಇದೇನಬೇ, ನೀರಾಗ ಊರು?"

ಹೇಳಲು ಯಾರಾದರೂ ಸಿಕ್ಕರೆ ಸಾಕೆಂದು ಕಾಯುತ್ತಿದ್ದವಳು ನಾನು. ಶುರು ಮಾಡಿದೆ. ಈ ಜನ ಮೊದಲು ನೆಲೆಯಿಲ್ಲದೆ ಅಲೆಯುತ್ತಿದ್ದರು, ದಡದ ಒಳ್ಳೆಯ ನೆಲವನ್ನೆಲ್ಲ ಬೇರೆಯವರು ಹಿಡಿದಿದ್ದರು, ಯಾರಿಗೂ ಬೇಡವಾದ ಕೆಸರಿನ ನಡುಗಡ್ಡೆಯೊಂದೇ ಇವರ ಪಾಲಿಗೆ ಉಳಿಯಿತು. ಅಲ್ಲಿ ಪಾಪಾಸುಕಳ್ಳಿಯ ಮೇಲೆ ಹದ್ದು ಕೂತಿದ್ದು ಕಂಡು, ಇದೇ ದೇವರು ತೋರಿಸಿದ ಜಾಗ ಎಂದು ಅಲ್ಲೇ ನಿಂತರು ಎಂಬ ಕಥೆಯಿದೆ.

"ದೇವರು ತೋರಿಸಿದ್ದಲ್ಲ," ಅಂದರು ಅತ್ತೆ. "ಬ್ಯಾರೆ ಎಲ್ಲೂ ಬಿಟ್ಟಿರಂಗಿಲ್ಲ. ಆಮ್ಯಾಲ ದೇವರ ಹೆಸರು ಹೇಳ್ಯಾರ. ಅದಿರಲಿ, ಕುಡ್ಯಾಕ ನೀರು?"

ಸರೋವರದ ನೀರು ಉಪ್ಪು. ಆದ್ದರಿಂದ ಗುಡ್ಡದ ಬುಗ್ಗೆಯಿಂದ ಸಿಹಿನೀರನ್ನು ನೀರಿನ ಮೇಲೆಯೇ ಕಾಲುವೆ ಕಟ್ಟಿ ತಂದಿದ್ದರು, ಅದೂ ಜೋಡಿ ಕಾಲುವೆ. ಒಂದನ್ನು ತೊಳೆಯುವಾಗ ಇನ್ನೊಂದರಲ್ಲಿ ನೀರು ಹರಿಯುತ್ತಿತ್ತು. ಇದನ್ನು ಕೇಳಿ ಅತ್ತೆ ಎರಡೂ ಕೈಯಿಂದ ಮೊಣಕಾಲು ಬಡಿದುಕೊಂಡರು.

"ಶಾಣ್ಯಾ ಮಂದಿ! ನಿಮ್ಮ ಬಿಲ್ಡಿಂಗಿನ ಟಾಕಿ ತೊಳಿಯೂ ದಿವಸ ನೀ ಜಳಕಾ ಮಾಡಾಕ ಇಲ್ಲಿತನಕಾ ಬಸ್ಸು ಹತ್ತಿ ಬರ್ತಿ. ಹೂಂ, ಮತ್ತ ಇಷ್ಟು ಮಂದಿ ಹೊರಕಡಿಗೆ ಎಲ್ಲೆ ಹೋಗ್ತಿದ್ರು?"

ಇಪ್ಪತ್ತೆರಡು ವರ್ಷ ಕಲಿಸಿದವಳಿಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಮಿರಜಿಗೆ ಮರಳಿದ ಮೇಲೆ ಪುಸ್ತಕ ತಡಕಿದೆ. ಅದಕ್ಕೂ ಅವರಲ್ಲಿ ವ್ಯವಸ್ಥೆಯಿತ್ತು. ಊರಿನ ಹೊಲಸನ್ನೆಲ್ಲ ದೋಣಿಗಳಲ್ಲಿ ತುಂಬಿ ಒಯ್ದು ಹೊಲಗಳಿಗೆ ಗೊಬ್ಬರವಾಗಿ ಹಾಕುತ್ತಿದ್ದರಂತೆ. ಗುಡಿಯ ಮೆಟ್ಟಿಲು ಎಣಿಸುತ್ತ ಕುಳಿತ ನನಗಿಂತ ಅತ್ತೆ ಆ ಊರನ್ನು ಚೆನ್ನಾಗಿ ನೋಡಿದ್ದರು.

ಅಂದು ಅವರು ಕೊನೆಗೆ ಬೆರಳಿಟ್ಟದ್ದು ದ್ವೀಪದ ಸುತ್ತ ನಾನು ಅಂಟಿಸಿದ್ದ ಹಸಿರು ಕಾಗದದ ಪಟ್ಟಿಗಳ ಮೇಲೆ.

"ಇವು ಏನು?"

"ಚಿನಾಂಪಾ, ಅತ್ತಿ."

"ಚಿನ್ನಪ್ಪಂದು? ಇಷ್ಟೂ ಅವನೊಬ್ಬಂದ?"

ನಾನು ನಗಲಿಲ್ಲ, ಸಿಟ್ಟಿಗೆದ್ದೆ. ಚಿನ್ನಪ್ಪ ಅಲ್ಲ, ಚಿ-ನಾಂ-ಪಾ. ಅದು ಮನುಷ್ಯನ ಹೆಸರಲ್ಲ, ಹೊಲದ ಹೆಸರು ಎಂದು ಬಿಡಿಸಿ ಬಿಡಿಸಿ ಹೇಳಿದೆ. ಕೆಸರಿನಲ್ಲಿ ಗೂಟ ನೆಟ್ಟು, ಗೂಟಗಳ ನಡುವೆ ಸಣ್ಣ ಕೊಂಬೆಯ ಬರಲು ಹೆಣೆದು, ಒಳಗೆ ಜೊಂಡು ಒಂದು ಪದರ, ಕೆರೆಯ ರಾಡಿ ಒಂದು ಪದರ ಹಾಕುತ್ತ ನೀರಿಗಿಂತ ಎತ್ತರಕ್ಕೆ ಏರಿಸಿದ ಮಡಿ. ಸುತ್ತ ನಾಲ್ಕೂ ಕಡೆ ಕಾಲುವೆ. ಅಂಚಿಗೆ ಗಿಡ ನೆಟ್ಟರೆ ಅವುಗಳ ಬೇರು ಮಣ್ಣು ಹಿಡಿದುಕೊಳ್ಳುತ್ತಿತ್ತು. ವರ್ಷಕ್ಕೆ ಹಲವು ಬೆಳೆ ಬರುತ್ತಿತ್ತು. ಇಡೀ ರಾಜಧಾನಿಯ ಹೊಟ್ಟೆ ತುಂಬಿಸಿದ್ದರಲ್ಲಿ ಈ ಮಡಿಗಳ ಪಾಲು ದೊಡ್ಡದು.

ಅತ್ತೆ ತಲೆಯಾಡಿಸುತ್ತ ಪೂರ್ತಿ ಕೇಳಿದರು. ಆಮೇಲೆ ಕೇಳಿದರು: "ಗೂಟ ಎಷ್ಟು ಆಳ ಹೊಡದಿದ್ದ ಚಿನ್ನಪ್ಪ?"

ಅವರು ಯಾಕೆ ಕೇಳಿದರೆಂಬುದು ಮರುದಿನ ಗೊತ್ತಾಯಿತು. ಮದುವೆಯಲ್ಲಿ ಅಜ್ಜ ಅತ್ತೆಗೆ ಅರಿಷಿಣ ಕುಂಕುಮಕ್ಕೆಂದು ಅರ್ಧ ಎಕರೆ ಕೊಟ್ಟಿದ್ದರು. ಬಾಯಿಮಾತಿನಲ್ಲಿ ಕೊಟ್ಟದ್ದು, ಸಾತಬಾರಾದಲ್ಲಿ, ಅಂದರೆ ಜಮೀನಿನ ಕಾಗದದಲ್ಲಿ, ಮೊದಲು ಅಪ್ಪನ ಹೆಸರಿತ್ತು, ಈಗ ನನ್ನ ಅಣ್ಣನದು. ಮೂರನೆಯ ವರ್ಷಕ್ಕೇ ಗಂಡ ತೀರಿಕೊಂಡು ಅತ್ತೆ ತವರಿಗೆ ಬಂದಾಗ ಅವರದೆಂದು ಉಳಿದದ್ದು ಆ ಅರ್ಧ ಎಕರೆ ಮಾತ್ರ. ಅದು ನಮ್ಮ ಹೊಲದ ಕೆಳತುದಿ. ಏತ ನೀರಾವರಿ ಬಂದು ಮೇಲಿನ ಹೊಲಗಳೆಲ್ಲ ಕಬ್ಬಾದ ಮೇಲೆ, ಅಷ್ಟೂ ಕಬ್ಬಿನ ಹೆಚ್ಚಿನ ನೀರು ಬಸಿದು ಬಂದು ಅಲ್ಲೇ ನಿಂತು, ನೆಲ ಸವಳು ಜವಳಾಯಿತು. ಚಳಿಗಾಲದಲ್ಲಿ ನೋಡಿದರೆ ಯಾರೋ ಉಪ್ಪು ಚೆಲ್ಲಿದ ಹಾಗೆ ಬಿಳಿಯ ಪೊರೆ, ಕಾಲಿಟ್ಟರೆ ಕೆಳಗೆ ರಾಡಿ. ಜೊಂಡು ಬಿಟ್ಟರೆ ಏನೂ ಹುಟ್ಟುತ್ತಿರಲಿಲ್ಲ.

ಅಣ್ಣನಿಗೆ ಅವನದೇ ಸಂಕಟ. ಅವನ ಕಬ್ಬಿನ ಬೇರಿಗೂ ನೀರು ಹತ್ತಿ ಎಲೆಗಳು ಹಳದಿಯಾಗುತ್ತಿದ್ದವು. ನೀರು ಬಸಿದು ಹೋಗಲು ಎಲ್ಲಾದರೂ ಒಂದು ತಗ್ಗು ಬೇಕಿತ್ತು. ರಾತ್ರಿ ಹಗಲು ಬೆವರು ಸುರಿಸುವ ಮನುಷ್ಯ, ಕೆಟ್ಟವನಲ್ಲ. ಮಾತಿನಲ್ಲಿ ಮಾತ್ರ ನಯ ಕಡಿಮೆ. ಅದು ನಮ್ಮ ಮನೆತನದ್ದೇ ರೋಗ.

"ಅತ್ತಿ, ಆ ನೆಲಾ ಸತ್ತೈತ್ರಿ," ಅಂದ, ಮರುದಿನ ಊಟಕ್ಕೆ ಕೂತಾಗ. "ಜೇಸಿಬಿ ತಂದು ಅಷ್ಟೂ ಹೊಂಡಾ ತಗಸ್ತೇನಿ. ಮ್ಯಾಲಿನ ನೀರೆಲ್ಲಾ ಅದರಾಗ ಬಿಡೂಣು. ನಿಮಗೇನು ಕಡಿಮಿ ಮಾಡೇನಿ ನಾ? ಕುಂತು ಉಣ್ರಿ."

ಅತ್ತೆ ರೊಟ್ಟಿ ಮುರಿದು ಉಂಡು, ಕೈ ತೊಳೆದು, ಪರಾತದ ಹತ್ತಿರ ಹೋಗಿ ಆ ಹಸಿರು ಪಟ್ಟಿಗಳನ್ನು ಇನ್ನೊಮ್ಮೆ ನೋಡಿದರು.

ಮುಂದಿನ ಭಾನುವಾರ ನಾನು ಹೋಗುವಷ್ಟರಲ್ಲಿ ಕೆಲಸ ಶುರುವಾಗಿತ್ತು. ಹೊಳೆದಂಡೆಯಿಂದ ಲಕ್ಕಿ ಗಿಡದ ಬರಲು ಕಡಿದು ತಂದು ರಾಶಿ ಹಾಕಿದ್ದರು. ಕಬ್ಬು ಕಡಿದ ಹೊಲಗಳಲ್ಲಿ ಬಿದ್ದ ಒಣ ಎಲೆಯನ್ನು, ನಮ್ಮವರು ರವದಿ ಅನ್ನುವುದನ್ನು, ಹೊರೆ ಕಟ್ಟಿ ಹೊತ್ತು ತಂದಿದ್ದರು. ಅರವತ್ತು ದಾಟಿದ ಹೆಂಗಸು, ಜೊತೆಗೆ ವಾರಕ್ಕೆ ಎರಡು ದಿನ ಕೂಲಿಗೆ ಬರುವ ಒಬ್ಬಾಕೆ. ಚರ ತೋಡಿ, ತೋಡಿದ ರಾಡಿಯನ್ನು ಪಕ್ಕಕ್ಕೆ ಪೇರಿಸಿ, ರವದಿ ಹಾಸಿ, ಸಗಣಿ ಹಾಕಿ, ಮತ್ತೆ ರಾಡಿ. ನಾನು ನೋಡುತ್ತ ಬದುವಿನ ಮೇಲೆ ನಿಂತಿದ್ದೆ.

"ಪುಸ್ತಕದಾಗ ಕೈಗೆ ರಾಡಿ ಹತ್ತಂಗಿಲ್ಲ. ಇಳಿ ಕೆಳಗ," ಅಂದರು.

ಇಳಿದೆ. ನನ್ನ ಒಳ್ಳೆಯ ಚಪ್ಪಲಿಯೊಂದು ಆ ದಿನ ಒಳಗೇ ಉಳಿಯಿತು. ಈಗಲೂ ಯಾವುದೋ ಮಡಿಯ ಹೊಟ್ಟೆಯಲ್ಲಿದೆ.

ಬೇಸಿಗೆಯ ಭಾನುವಾರಗಳು ಹಾಗೇ ಕಳೆದವು. ವಾರವೆಲ್ಲ ನಾನು ಓದಿ ತಿಳಿದುಕೊಂಡದ್ದನ್ನು ಅಲ್ಲಿ ಹೇಳುತ್ತಿದ್ದೆ, ಅತ್ತೆ ಕೆಲಸ ಮಾಡುತ್ತ ಕೇಳುತ್ತಿದ್ದರು. ಒಬ್ಬ ಅರಸ ಸರೋವರಕ್ಕೆ ಅಡ್ಡಲಾಗಿ ಮೈಲಿಗಟ್ಟಲೆ ಒಡ್ಡು ಹಾಕಿಸಿ ಉಪ್ಪುನೀರನ್ನು ಆಚೆ, ಸಿಹಿನೀರನ್ನು ಈಚೆ ಮಾಡಿದ ಎಂದಾಗ ಅತ್ತೆ ಸಲಿಕೆ ನೆಲಕ್ಕೂರಿ ನಿಂತು, "ನಮಗೂ ಅದ ಬೇಕಾಗೈತಿ" ಅಂದರು; ಅಣ್ಣನ ಕಬ್ಬಿನ ಕಡೆಗೆ ಎದೆಮಟ್ಟ ಬದು ಹಾಕಿದರು. ನಾವು ಉಪವಾಸಕ್ಕೆ ತಿನ್ನುವ ರಾಜಗಿರಿಯ ಮೂಲವೂ ಆ ಕಡೆಯದೇ, ಅವರಿಗೆ ಅದು ದೇವರ ಧಾನ್ಯ ಎಂದಾಗ ಅತ್ತೆ ನಂಬಲೇ ಇಲ್ಲ. ಆ ಜನ ಗುಡಿಯ ಮೇಲೆ ಮನುಷ್ಯರನ್ನು ಬಲಿ ಕೊಡುತ್ತಿದ್ದರು ಎಂಬುದನ್ನೂ ನಾನು ಮುಚ್ಚಿಡಲಿಲ್ಲ. "ಇಷ್ಟು ಶಾಣ್ಯಾರಿಗೆ ಅದೊಂದು ಯಾಕ ತಿಳೀಲಿಲ್ಲ," ಎಂದು ಅತ್ತೆ ತಮ್ಮಷ್ಟಕ್ಕೆ ಅಂದುಕೊಂಡರು.

ಆದರೆ ಚಿನ್ನಪ್ಪ ಮಾತ್ರ ಚಿನ್ನಪ್ಪನಾಗಿಯೇ ಉಳಿದ. ದಿನ ಹೋದಂತೆ ಅವನಿಗೆ ಮೈಕೈ ತುಂಬಿಕೊಂಡವು. ಚಿನ್ನಪ್ಪನಿಗೆ ಬೆನ್ನುನೋವು ಬರುತ್ತಿರಲಿಲ್ಲವೇ, ಚಿನ್ನಪ್ಪ ಮಧ್ಯಾಹ್ನ ಏನು ಉಣ್ಣುತ್ತಿದ್ದ ಎಂದೆಲ್ಲ ವಿಚಾರಣೆ. ನಾನು ತಿದ್ದುತ್ತಲೇ ಇದ್ದೆ. ಒಮ್ಮೆ ಅತ್ತೆ ನಡು ನೆಟ್ಟಗೆ ಮಾಡಿ ನಿಂತು, ಒಂದು ಹೊಸ ಸಂಗತಿ ಕಂಡುಹಿಡಿದವರಂತೆ ಹೇಳಿದರು:

"ಇಷ್ಟು ಕೆಲಸಾ ಗಂಡಸೊಬ್ಬ ಮಾಡಿರಂಗಿಲ್ಲ. ಅವನ ಹೇಣ್ತಿ ಮಾಡ್ಯಾಳ. ಹೆಸರು ಅವಂದಾಗೈತಿ."

ಅದೇ ದಿನ, ಮಡಿಯ ಅಂಚಿಗೆ ಬರಲು ಹೆಣೆಯುತ್ತ ಕೇಳಿದರು: "ಈಗೂ ಐತಲ್ಲಾ ಆ ಊರು? ಚಂದಗೆ ಅದಾರಲ್ಲಾ ಮಂದಿ?"

ಕೈತುಂಬ ರಾಡಿ, ಹಣೆಯ ಮೇಲೂ ರಾಡಿ. ಕಣ್ಣಲ್ಲಿ ಎಂಥ ನಂಬಿಕೆ! ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವ ನಾನು, "ಹೂಂ, ಅದಾರ್ರಿ" ಎಂದುಬಿಟ್ಟೆ.

ಜೂನ್ ತಿಂಗಳಲ್ಲಿ ಒಂದು ದಿನ ಅಣ್ಣ ನೇರ ನಮ್ಮ ಶಾಲೆಗೇ ಬಂದ. ಶಿಕ್ಷಕರ ಕೋಣೆಯ ಬಾಗಿಲಲ್ಲಿ ನಿಂತು, ಎಲ್ಲರ ಎದುರಿಗೆ, ಕನ್ನಡದಲ್ಲಿ ಗುಡುಗಿದ: "ಯಾಂವ ಅಂವ ಚಿನ್ನಪ್ಪ?"

ಅವನನ್ನು ಹೊರಗೆ ಕರೆದುಕೊಂಡು ಹೋಗಿ ಕೇಳಿದೆ. ಕಥೆ ಹೀಗಾಗಿತ್ತು. ಯಾರು ಕೇಳಿದರೂ ಅತ್ತೆ "ಚಿನ್ನಪ್ಪ ಮಾಡಿದಂಗ ಮಾಡಾಕತ್ತೇನಿ" ಅನ್ನುತ್ತಿದ್ದರು. ಹೆಸರು ಕೇಳಿದರೆ ಗಡಿಯಾಚೆಯ ಕನ್ನಡದವನೇ ಸೈ. ಊರಲ್ಲಿ ಗುಸುಗುಸು ಹುಟ್ಟಿತು: ಕಾಗವಾಡದ ಕಡೆಯ ಯಾವನೋ ಚಿನ್ನಪ್ಪ ಎಂಬವನು ಮುದುಕಿಗೆ ಬುದ್ಧಿ ಹೇಳಿಕೊಡುತ್ತಿದ್ದಾನೆ, ಇವತ್ತಲ್ಲ ನಾಳೆ ಆ ಅರ್ಧ ಎಕರೆ ಹೊಡೆಯುತ್ತಾನೆ. ಅಣ್ಣ ಎರಡು ವಾರ ಅವನನ್ನು ಹುಡುಕಿದ್ದ. ಪಕ್ಕದ ಊರು ಆರಗದಲ್ಲಿ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಪಾಪದ ಚಿನ್ನಪ್ಪನನ್ನು ತಡೆದು ವಿಚಾರಿಸಿಯೂ ಬಂದಿದ್ದ.

ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಚಿನ್ನಪ್ಪ ಮನುಷ್ಯನೇ ಅಲ್ಲ, ಮೆಕ್ಸಿಕೊದ ಕೆಸರು ಮಡಿ ಎಂದು ತಿಳಿದ ಮೇಲೆ ಅಣ್ಣನ ಮುಖ ಕೆಂಪಾಯಿತು. ಅವನಿಗೆ ಸಿಟ್ಟಿಗಿಂತ ಅವಮಾನ ಹೆಚ್ಚಾಗಿತ್ತು.

"ನಗು, ನಗು. ನೀ ಕಲಿಸಿದ ಹುಚ್ಚು ಇದು," ಅಂದ. "ದಸರಾ ತನಕಾ ನೋಡ್ತೇನಿ. ಅಷ್ಟರಾಗ ಅಲ್ಲೆ ಉಣ್ಣೂವಂಥಾದ್ದೊಂದು ಬೆಳೀಲಿಲ್ಲಂದ್ರ ಜೇಸಿಬಿ ಬರತೈತಿ. ನಿನ್ನ ಚಿನ್ನಪ್ಪಗೂ ಹೇಳು."

ಆ ನಗುವಿನ ಬೆಲೆಯನ್ನು ಅತ್ತೆ ತೆರಬೇಕಾಯಿತಲ್ಲ ಎಂದು ನನಗೆ ಇಂದಿಗೂ ಬೇಸರವಿದೆ.

ಅಷ್ಟರಲ್ಲಿ ಮೂರು ಮಡಿ ಸಿದ್ಧವಾಗಿದ್ದವು. ಮೊದಲ ಮಳೆಗಳು ಮೇಲಿನ ಉಪ್ಪನ್ನು ತೊಳೆದು ಚರಕ್ಕೆ ಇಳಿಸಿದವು. ಅತ್ತೆ ರಾಜಗಿರಿ, ಮೆಂತ್ಯ, ಮೂಲಂಗಿ ಹಾಕಿದರು. ಮೆಂತ್ಯ ಸುಟ್ಟುಹೋಯಿತು. ಮೂಲಂಗಿ ಮುನಿಸಿಕೊಂಡಿತು. ರಾಜಗಿರಿ ಮಾತ್ರ ಎದ್ದಿತು, ಒಂದು ಗೇಣು, ಆಮೇಲೆ ಎರಡು ಗೇಣು. ಅಂಚಿಗೆ ನೆಟ್ಟ ಲಕ್ಕಿ ಗೂಟಗಳೂ ಚಿಗುರಿದವು. ಜುಲೈಯ ಒಂದು ಭಾನುವಾರ ಬದುವಿನ ಮೇಲೆ ನಿಂತು ನೋಡಿದೆ: ಚರದಲ್ಲಿ ನೀರು, ನೀರಿನ ನಡುವೆ ಎತ್ತರದ ಹಸಿರು. ನನ್ನ ಪರಾತದಲ್ಲಿದ್ದ ಕಾಗದದ ಪಟ್ಟಿಗಳೇ ಉಸಿರಾಡುತ್ತ ಅಲ್ಲಿ ಮಲಗಿದ್ದವು. ಇಷ್ಟು ವರ್ಷ ಚಿತ್ರದಲ್ಲಿ ಪ್ರೀತಿಸಿದ ಊರಿನ ಒಂದು ತುಣುಕನ್ನು ನಾನು ಕಣ್ಣಾರೆ ಕಂಡೆ. ಸುಮ್ಮನೆ ಅಳು ಬಂತು.

ಆಗಸ್ಟಿನಲ್ಲಿ ಕೃಷ್ಣೆ ಏರಿದಳು. ಹೊಳೆಯ ನೀರು ನಮ್ಮ ಕೆಳತುದಿಗೆ ಬಂದ ದಿನವೇ ಅತ್ತೆಯನ್ನು ನಾನು ಮಿರಜಿಗೆ ಕರೆತಂದೆ. ಅಣ್ಣ ದನಗಳನ್ನು ಎತ್ತರದ ಜಾಗಕ್ಕೆ ಹೊಡೆದುಕೊಂಡು ಹೋಗಿದ್ದ. ಆರು ದಿನ ಅತ್ತೆ ನನ್ನ ಮನೆಯ ಬಾಲ್ಕನಿಯಲ್ಲಿ ಕುಳಿತು ಹೊಳೆ ಇರುವ ದಿಕ್ಕಿಗೆ ನೋಡುತ್ತಿದ್ದರು. ಅಲ್ಲಿಂದ ಕಾಣುವುದು ಎದುರು ಬಿಲ್ಡಿಂಗಿನ ನೀರಿನ ಟಾಕಿ ಮಾತ್ರ. ನಾಲ್ಕನೆಯ ದಿನ ಬೆಳಿಗ್ಗೆ ಅಣ್ಣನ ಫೋನು ಬಂತು: ಮಡಿಗಳು ಕಾಣುತ್ತಿಲ್ಲ, ಲಕ್ಕಿಯ ತುದಿಗಳಷ್ಟೇ ನೀರಿನ ಮೇಲಿವೆ.

ಚಹ ಕೊಟ್ಟೆ, ಮುಟ್ಟಲಿಲ್ಲ. "ಅವರ ಊರಿಗೆ ಹೊಳಿ ಬರ್ತಿರಲಿಲ್ಲೇನು?" ಎಂದು ಕೇಳಿದರು. "ಖರೇ ಹೇಳು. ಆ ಊರು ಐತೋ ಇಲ್ಲೋ?"

ಇನ್ನು ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೇಳಿದೆ. ಪ್ರವಾಹವೂ ಬಂದಿತ್ತು, ಅದನ್ನು ಅವರು ತಾಳಿಕೊಂಡರು. ಆಮೇಲೆ ಸಮುದ್ರದಾಚೆಯಿಂದ ಸ್ಪೇನಿನ ಜನ ಬಂದರು. ಆ ಸಿಹಿನೀರಿನ ಕಾಲುವೆಯನ್ನೇ ಮೊದಲು ಕತ್ತರಿಸಿದರು. ಊರೊಳಗೆ ಮೈಲಿಬೇನೆ ಹಬ್ಬಿತು, ಹಸಿವು ಹಬ್ಬಿತು. ಗುಡಿ, ಅರಮನೆ, ಮನೆಗಳನ್ನು ಕೆಡವಿ ಅದೇ ಕಲ್ಲುಮಣ್ಣಿನಿಂದ ಕಾಲುವೆಗಳನ್ನು ಮುಚ್ಚಿದರು. ಮುಂದೆ ಸರೋವರದ ನೀರನ್ನೂ ಹೊರಗೆ ಬಿಟ್ಟರು. ಅದರ ಮೇಲೆ ಈಗ ಬೇರೊಂದು ದೊಡ್ಡ ಶಹರ ಕೂತಿದೆ, ಕೆಳಗಿನ ನೀರು ಖಾಲಿಯಾಗುತ್ತ ಆ ಶಹರವೂ ಕುಸಿಯುತ್ತಿದೆ.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಯಾರೋ ಹತ್ತಿರದವರು ಸತ್ತ ಸುದ್ದಿ ಕೇಳಿದವರಂತೆ ಕೂತರು. ನಾನು ಹೇಳಿದ್ದು ತಪ್ಪಾಯಿತೇನೋ ಅನ್ನಿಸತೊಡಗಿದಾಗ ನಿಧಾನವಾಗಿ ಕೇಳಿದರು:

"ಗುಡಿ ಹೋತು. ಅರಮನಿ ಹೋತು. ಚಿನ್ನಪ್ಪನ ಹೊಲಾ?"

ತಿದ್ದಲಿಲ್ಲ. "ಹೊಲಾ ಅದಾವ ಅತ್ತಿ," ಅಂದೆ. ಇದು ಸುಳ್ಳಲ್ಲ. ಆ ಶಹರದ ದಕ್ಷಿಣದ ಅಂಚಿನಲ್ಲಿ ಇಂದಿಗೂ ಆ ಮಡಿಗಳಲ್ಲಿ ಕೆಲವು ಉಳಿದಿವೆ, ಅಲ್ಲಿ ಜನ ಈಗಲೂ ಕಾಯಿಪಲ್ಯೆ ಬೆಳೆದು ದೋಣಿಯಲ್ಲಿ ತರುತ್ತಾರೆ. ಫೋನಿನಲ್ಲಿ ಚಿತ್ರ ತೋರಿಸಿದೆ. ಕನ್ನಡಕ ಹಾಕಿಕೊಂಡು, ಚಿತ್ರವನ್ನು ದೂರ ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದರು.

"ಅಂಚಿಗಿ ಗಿಡಾ ಹಚ್ಯಾರ," ಅಂದರು. "ಅದಕ್ಕ ಉಳದಾವ." ಆಮೇಲೆ ಆರಿದ ಚಹ ಕುಡಿದರು.

ನೀರು ಇಳಿದು, ಕಾಲಿಡಲು ಬರುವಷ್ಟು ನೆಲ ಗಟ್ಟಿಯಾದ ಮೇಲೆ ಇಬ್ಬರೂ ಹೋದೆವು. ಮೂರನೆಯ ಮಡಿಯ ಒಂದು ಬದಿ ಜರಿದಿತ್ತು. ಅಲ್ಲಿನ ಲಕ್ಕಿ ಬೇರೂರಿರಲಿಲ್ಲ. ಎರಡು ನಿಂತಿದ್ದವು. ಬೆಳೆ ಒಂದೂ ಇರಲಿಲ್ಲ, ಆದರೆ ಮೇಲೆ ನಾಲ್ಕು ಬೆರಳು ದಪ್ಪ ಹೊಸ ಮೆಕ್ಕಲು ಮಣ್ಣು ಬಂದು ಕೂತಿತ್ತು. ಅತ್ತೆ ಅದನ್ನು ಮುಷ್ಟಿಯಲ್ಲಿ ತುಂಬಿ, ನಾಲಿಗೆಯ ತುದಿಗೆ ಹಚ್ಚಿ ನೋಡಿ, ಉಗುಳಿದರು. "ಉಪ್ಪಿಲ್ಲ," ಅಂದರು. ಅಲ್ಲೇ ಸೆರಗಿನ ಗಂಟು ಬಿಚ್ಚಿ ರಾಜಗಿರಿ ಬೀಜ ಉದುರಿಸಿದರು. ದಸರೆಗೆ ತಿಂಗಳ ಮೇಲೆ ಕೆಲವೇ ದಿನ ಉಳಿದಿದ್ದವು.

ದಸರೆಯ ಮರುದಿನ ಜೇಸಿಬಿ ಬಂತು. ಅಣ್ಣ ಮಾತಿನ ಮನುಷ್ಯ; ನೆರೆಯಲ್ಲಿ ಮಡಿಗಳು ಹೋದವೆಂದೇ ತಿಳಿದು ಆಮೇಲೆ ಆ ಕಡೆ ಇಳಿದೇ ಇರಲಿಲ್ಲ. ನಾನು ರಜೆಗೆ ಬಂದವಳು ಹೊಲಕ್ಕೆ ಓಡಿದೆ. ಹಿಂದಿನ ದಿನ ಹಬ್ಬದೂಟಕ್ಕೆ ಎಲ್ಲರ ತಾಟಿನಲ್ಲೂ ರಾಜಗಿರಿ ಪಲ್ಯವಿತ್ತು. ಅಣ್ಣ ಎರಡು ಸಲ ನೀಡಿಸಿಕೊಂಡು ಉಂಡಿದ್ದ, ಎಲ್ಲಿಯದೆಂದು ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಈಗ ಬದುವಿನ ಮೇಲೆ ನಿಂತಿದ್ದ. ಅವನ ಹಿಂದೆ ನೆರೆಗೆ ಸಿಕ್ಕ ಕಬ್ಬು ಮಲಗಿ ಕೊಳೆಯುತ್ತಿತ್ತು. ಮುಂದೆ ಎರಡು ಮಡಿ, ಮೊಣಕಾಲೆತ್ತರದ ಹಸಿರು, ನಡುವೆ ಕುಡುಗೋಲು ಹಿಡಿದ ಅತ್ತೆ. ಅವರು ತಲೆಯೆತ್ತಿ ನೋಡಲಿಲ್ಲ, ಸೊಪ್ಪು ಕೊಯ್ಯುತ್ತಲೇ ಇದ್ದರು.

ಜೇಸಿಬಿಯವನು ಎರಡು ಸಲ ಹಾರ್ನ್ ಹೊಡೆದ. ಕೊನೆಗೆ ಅಣ್ಣ ತನ್ನ ಕಬ್ಬಿನ ಮೂಲೆಯ ಕಡೆಗೆ ಕೈ ತೋರಿಸಿ, ಹೊಂಡ ಅಲ್ಲಿ ತೆಗೆಯಲು ಮರಾಠಿಯಲ್ಲಿ ಹೇಳಿದ. ಆಮೇಲೆ ಮಡಿಗಳ ಕಡೆಗೆ ನೋಡಿ ಅಂದ:

"ತೇವಢಂ ಚಿನ್ನಪ್ಪಾಚಂ ಸೋಡಾ."

ಚಿನ್ನಪ್ಪನದೊಂದು ಬಿಡಿ ಎಂದು. ಅಣ್ಣನ ಬಾಯಿಂದ ಆ ಹೆಸರು ಕೇಳಿ ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಅತ್ತೆ ಮಾತ್ರ ಕುಡುಗೋಲು ಕೆಳಗಿಟ್ಟು ಎದ್ದು ನಿಂತರು. ನಲವತ್ತು ವರ್ಷ ಆ ಮನೆಯಲ್ಲಿ ಉಂಡು, ದುಡಿದು, ಎಂದೂ ಆಡದ ಮಾತನ್ನು ಆಡಿದರು, ಜೇಸಿಬಿಯವನಿಗೂ ಕೇಳುವಷ್ಟು ಗಟ್ಟಿಯಾಗಿ.

"ಚಿನ್ನಪ್ಪಂದಲ್ಲೋ. ನಂದು."

ಅಣ್ಣ ತಿದ್ದಿಕೊಂಡ. "ಆತ್ಯಾಚಂ," ಎಂದು ಜೇಸಿಬಿಯವನಿಗೆ ಇನ್ನೊಮ್ಮೆ ಹೇಳಿದ. ಅತ್ತೆಯದು.